ಜ್ವರಕ್ಕೆ ಕೂತವರು

ಶಿಡ್ಲಘಟ್ಟದಲ್ಲಿ, ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ
ನಮ್ಮ ಮನೆಗೆ ಬೋರ್ಡಿಲ್ಲ.
ಗೊತ್ತಿದ್ದವರು ಖುತೇಜಾಬಿಯ ಹಳೇ ಫಿಲೇಚರ್ ಅನ್ನುತ್ತಾರೆ,
ಬೇಡದವರು ಹುಚ್ಚರ ಮನೆ ಅನ್ನುತ್ತಾರೆ,
ಹಾಲಿನವನು ಮಾತ್ರ 'ಆರು ಲೀಟರ್ ಮನೆ' ಅನ್ನುತ್ತಾನೆ.
ನನಗೆ ಆ ಹೆಸರೇ ಇಷ್ಟ.

ಗೋಡೆಯಲ್ಲಿ ಇನ್ನೂ ಬೇಯಿಸಿದ ಹುಳದ ವಾಸನೆ.
ಮೂರು ಸಲ ಸುಣ್ಣ ಹೊಡೆದೆವು, ಹೋಗಲಿಲ್ಲ.
ಬಾಗಿಲುಗಳಿಗೆ ಹೊರಚಿಲಕ ಇಲ್ಲ.
ಇದ್ದವನ್ನು ಗಂಗುಲಪ್ಪ ಒಂದೊಂದಾಗಿ ಬಿಚ್ಚಿದ,
ತೂತುಗಳಿಗೆ ಬೆಂಕಿಕಡ್ಡಿ ಚುಚ್ಚಿ, ಸೋಪು ಮೆತ್ತಿದ.
ಅವನ ಕಥೆ ಅವನೇ ಹೇಳಬೇಕು.
ಮಣಿಕಟ್ಟಿನ ಸುತ್ತ ಬಳೆಯಂಥ ಕಲೆಯೊಂದಿದೆ,
ನಾನು ಅಷ್ಟೇ ಹೇಳುತ್ತೇನೆ.

ರಾತ್ರಿ ಎರಡೂಕಾಲಿಗೆ, ಟೊಮೆಟೊ ಟೆಂಪೊದಲ್ಲಿ
ಬಂದಳು ಅಶ್ವತ್ಥಮ್ಮ, ದಿಬ್ಬೂರಹಳ್ಳಿ ಕಡೆಯವಳು,
ಶಾಲೆಯಲ್ಲಿ ಬಿಸಿಯೂಟದ ಅಡುಗೆ.
ಒಂಬತ್ತು ದಿನದಿಂದ ನಿದ್ದೆಯಿಲ್ಲ.
ಅಕ್ಕಿಯ ಒಂದೊಂದು ಕಾಳೂ ತನ್ನ ಹೆಸರು ಹಿಡಿದು ಕರೆಯುತ್ತದೆಂದು
ಇಡೀ ಮೂಟೆ ಬಾವಿಗೆ ಸುರಿದಿದ್ದಳಂತೆ.
ಜೊತೆಗೆ ಮೈದುನ. ಅವನು ಮೊದಲು ಬಾಗಿಲು ನೋಡಿದ.
"ಹೊರಗಿಂದ ಹಾಕೋದು ಎಲ್ಲಿ?"
ಇಲ್ಲ, ಅಂದೆ.
"ಡಾಕ್ಟರು?"
ಶುಕ್ರವಾರ ಬರ್ತಾರೆ. ಅವಳು ಹೂಂ ಅಂದರೆ ಈಗಲೇ ಫೋನ್ ಮಾಡ್ತೀವಿ.
"ಮತ್ತೆ ನೀವೆಲ್ಲ ಯಾರು?"

ಅದಕ್ಕೆ ಉತ್ತರ ಕಲಿಯಲು ನನಗೆ ಆರು ವರ್ಷ ಹಿಡಿಯಿತು.
ನಾನು ಇವಳೇ, ಅಂದೆ.
ಇವಳಿಗಿಂತ ಸ್ವಲ್ಪ ಮುಂಚೆ ಬಂದವಳು.

ಅವನಿಗೆ ಅರ್ಥವಾಗಲಿಲ್ಲ. ಟೆಂಪೊ ಡ್ರೈವರನಿಗೆ ಆಯಿತು:
ಒಂದು ಕ್ರೇಟ್ ಹಣ್ಣು ಇಳಿಸಿ ಹೋದ, ದುಡ್ಡು ಕೇಳದೆ.

ಅವಳು ಹಳೇ ಬೇಸಿನ್ ಕಟ್ಟೆಯ ಮೇಲೆ ಕೂತಳು.
ಮುಂಚಿನ ನಾನಾಗಿದ್ದರೆ ಬಾಯಿ ಬಿಡಿಸಿ ತುರುಕುತ್ತಿದ್ದೆ
ಅನ್ನ, ಬುದ್ಧಿಮಾತು, ದೇವರ ಹೆಸರು.
ಪಿಳ್ಳಮ್ಮ ಕಲಿಸಿದಳು: ಹುಳು ಜ್ವರಕ್ಕೆ ಕೂತಾಗ
ಸೊಪ್ಪು ಹಾಕಬಾರದು.
ತಲೆ ಎತ್ತಿ, ಅಲುಗದೆ, ಹಳೇ ಚರ್ಮದೊಳಗೆ
ಅದು ತನ್ನ ಕೆಲಸ ಮಾಡುತ್ತಿರುತ್ತೆ.
ಗಾಳಿ ಬಿಡು. ತಟ್ಟೆ ಅಲುಗಿಸಬೇಡ.
ಆದರೆ ಪಕ್ಕದಲ್ಲಿ ಎಚ್ಚರವಾಗಿರು,
ಇರುವೆ ಬರುತ್ತೆ, ಹಲ್ಲಿ ಬರುತ್ತೆ.

ನಮಗೆ ಯಾರೂ ಸೊಪ್ಪು ಹಾಕಲಿಲ್ಲವೆಂದು
ಇಲ್ಲಿಗೆ ಬಂದವರೆಲ್ಲ ಅತ್ತಿದ್ದೇವೆ.
ಹಾಕದೆ ಕಾಯುವವರೂ ಇರುತ್ತಾರೆಂದು
ಈ ಕಟ್ಟೆಯ ಮೇಲೇ ತಿಳಿದದ್ದು.

ಆದರೆ ನಾವು ಹುಳು ಅಲ್ಲ, ಪಿಳ್ಳಮ್ಮ.
ನಾಲ್ಕೇ ಜ್ವರವೆಂದು ನಮಗೆ ಯಾರು ಲೆಕ್ಕ ಕೊಟ್ಟಿದ್ದಾರೆ?
ನನಗೆ ಏಳಾಯಿತು.
ಎಚ್ಚರವಾಗಿದ್ದೂ ನದೀಮನನ್ನು ಕಳೆದುಕೊಂಡೆವು,
ಅವನ ಲೋಟಕ್ಕೆ ಈಗಲೂ ಕೈ ತಪ್ಪಿ ಟೀ ಸುರಿಯುತ್ತೇನೆ.
ಮತ್ತೆ ಗೂಡು ಕಟ್ಟಿದ ಮೇಲೆ ನೀನು ಮಾರಿದೆ,
ಖುತೇಜಾಬಿ ಬೇಯಿಸಿದಳು.
ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸೋಣ.

ಐದು ಗಂಟೆಗೆ ಮಾರುಕಟ್ಟೆಯ ಲೈಟು ಹತ್ತಿದಾಗ
ಅವಳು ಮೊದಲ ಮಾತಾಡಿದಳು:
"ಅಕ್ಕಿ ಎಲ್ಲಿಡ್ತೀರಾ?"
ಗಂಗುಲಪ್ಪ ನನ್ನ ಮುಖ ನೋಡಿದ.
ಸುಳ್ಳು ಹೇಳಬಹುದಿತ್ತು. ಡ್ರಮ್ ತೋರಿಸಿದೆ.
ಮುಚ್ಚಳ ತೆಗೆದು, ಬಾಗಿ, ತುಂಬ ಹೊತ್ತು ಕೇಳಿಸಿಕೊಂಡಳು.
ಗಂಗುಲಪ್ಪನೂ ಬಾಗಿದ, ಕಿವಿ ಕೊಟ್ಟ.
ಏನಂತಿದೆ, ಅಂದೆ.
"ಬೇರೆ ಊರಿನ ಅಕ್ಕಿ," ಅಂದಳು. "ನನ್ನ ಹೆಸರು ಇನ್ನೂ ಗೊತ್ತಿಲ್ಲ ಇದಕ್ಕೆ."
ಮುಚ್ಚಿದಳು. ಅಲ್ಲೇ ಡ್ರಮ್ಮಿಗೆ ಒರಗಿ
ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದಳು.
ನಿದ್ದೆಯೋ ಅಲ್ಲವೋ, ನಾವು ನೋಡಹೋಗಲಿಲ್ಲ.

ಹಾಲಿನವನು ಬಂದ. ಇವತ್ತಿಂದ ಆರೂವರೆ, ಅಂದೆ.
ಯಾರು ಬಂದರು, ಏನಾಗಿದೆ, ಎಷ್ಟು ದಿನ
ಒಂದನ್ನೂ ಕೇಳಲಿಲ್ಲ.
"ಪಾತ್ರೆ ಸಾಲುತ್ತಾ?" ಅಂದ.