ದಂಡೆ ಎಂದರೆ

ಕರಡಿನ ಎರಡನೇ ಪುಟದಲ್ಲಿ ಒಂದು ಖಾಲಿ ಜಾಗ.
ದಂಡೆ ಎಂದರೆ, ಆಮೇಲೆ ಚುಕ್ಕಿ, ಚುಕ್ಕಿ, ಚುಕ್ಕಿ.
ಮಿಕ್ಕಿದ್ದೆಲ್ಲ ತುಂಬಿತ್ತು: ಲೋಕಪಾವನಿ ಜಲಾನಯನ,
ಅಭಿವೃದ್ಧಿ ಮತ್ತು ಸಂರಕ್ಷಣೆಯ ಮಾರ್ಗಸೂಚಿ,
ದಂಡೆಯಿಂದ ಮೂವತ್ತು ಮೀಟರಿನೊಳಗೆ
ಯಾರೂ ಕಟ್ಟತಕ್ಕದ್ದಲ್ಲ, ಅಗೆಯತಕ್ಕದ್ದಲ್ಲ, ಸುರಿಯತಕ್ಕದ್ದಲ್ಲ.
ಇಷ್ಟೊಂದು ಅಲ್ಲಗಳನ್ನು ಒಂದೇ ದಿನ
ಹಿಂದೆಂದೂ ಬೆರಳಚ್ಚು ಮಾಡಿರಲಿಲ್ಲ ನಾನು.

ಚುಕ್ಕಿಗೇನು ತುಂಬಲಿ ಸಾರ್, ಅಂದೆ.
ಸ್ಥಳಕ್ಕೆ ಹೋಗಿ ಬನ್ನಿ ಅಂದರು
ಬಿಸಿಲಿಗೆ ಪರದೆ ಎಳೆದುಕೊಂಡು.

ಹಾಗೆ ಹೊರಟೆವು ಪಾಂಡವಪುರದಿಂದ:
ಸರ್ವೆಯ ಇನಾಯತ್, ಅವನ ಟೇಪು, ನನ್ನ ಕೊಡೆ.
ಶಿವರಾತ್ರಿ ಕಳೆದು ಹೊಳೆ ಸೊರಗಿತ್ತು,
ಸೀರೆ ಎತ್ತದೆ ದಾಟುವಷ್ಟು ನೀರು,
ನಡುವೆ ಜೊಂಡು, ಜೊಂಡಿನೊಳಗೆ ಒಂಟಿ ಚಪ್ಪಲಿ.
ಇನಾಯತ್ ನೀರಂಚಿಗೇ ಕೊಕ್ಕೆ ಸಿಕ್ಕಿಸಿ ನಡೆದ.
ಮೂವತ್ತು ಮೀಟರು ಮುಗಿದಾಗಲೂ
ಕಾಲಡಿ ಇದ್ದದ್ದು ಹೊಳೆಯದೇ ಮರಳು.

ಅಷ್ಟೇಯಾ, ಅಂದು ನಕ್ಕರು ಸಣ್ಣತಮ್ಮೇಗೌಡರು.
ಮೇಲೆ ಅವರ ಆಲೆಮನೆ, ನೆಟ್ಟಗೆ ಹೊಗೆ.
ಕೊಪ್ಪರಿಗೆ ತೊಳೆದ ಮಡ್ಡಿ
ಬೆರಳಗಲದ ಕಾಲುವೆಯಲ್ಲಿ ಇಳಿದು ಬಂದು
ಜೊಂಡಿನ ಬುಡದಲ್ಲಿ ಕಪ್ಪಗೆ ಕೂತಿತ್ತು.
ಒಂದೊಂದು ಅಚ್ಚು ಬೆಲ್ಲ ಕೊಟ್ಟರು ಕೈಗೆ,
ಇನ್ನೂ ಬೆಚ್ಚಗಿದ್ದದ್ದು.
ತಿಂದೆವು.
ವರದಿಯಲ್ಲಿ ಬರಬೇಕಿತ್ತು ಇದೂ: ತಿಂದೆವು.

ಆಗ ಬಂದ ಜವನಯ್ಯ, ನೀರುಗಂಟಿ.
ತೂಬಿಗೆ ಕಬ್ಬಿಣದ ಗೇಟು ಬಂದ ಮೇಲೆ
ಅವನ ಗಂಟಿಕೆ ಯಾರಿಗೂ ಬೇಕಿಲ್ಲ,
ಹೆಗಲ ಮೇಲಿನ ಗುದ್ದಲಿ ಮಾತ್ರ ಕೆಳಗಿಳಿದಿಲ್ಲ.
ಟೇಪು ನೋಡಿದ. ನೀರು ನೋಡಿದ.
ಉಗಿದ, ಹೊಳೆಗಲ್ಲ, ಪಕ್ಕಕ್ಕೆ.
"ಮಲಗಿರೋನ ಮಂಡಿ ಅಳೆದು
ಆಳೆತ್ತರ ಬರ್ಕತೀರಾ? ಬನ್ನಿ."

ಕಬ್ಬಿನ ತರಗು ಮುರಿಯುತ್ತ ಹತ್ತಿದೆವು,
ಆಲೆಮನೆಯ ಹಿಂಬದಿಗೆ, ಅಲ್ಲಿಂದಲೂ ಆಚೆಗೆ,
ಹೊಳೆಯ ಸದ್ದೂ ಕೇಳದಷ್ಟು ದೂರಕ್ಕೆ.
ಹೊಸ ಬಡಾವಣೆಯ ಬಿಳಿ ಕಲ್ಲುಗಳ ನಡುವೆ
ಹದಿನೇಳನೇ ಸೈಟಿನಲ್ಲಿ ಕುಕ್ಕುರುಗಾಲಲ್ಲಿ ಕೂತು
ಗುದ್ದಲಿ ಕಾವಿನಿಂದ ಹುಲ್ಲು ಸರಿಸಿದ.

ಏಡಿ ಬಿಲ.
ಒಂದಲ್ಲ, ಸಾಲು ಸಾಲು,
ಬಾಯಿಗೆಲ್ಲ ಒಣಗಿದ ಮಣ್ಣಿನ ಗುಳಿಗೆ.

"ಇವಕ್ಕೆ ಓದು ಬರಕಿಲ್ಲ ಕಣವ್ವ.
ನೀರು ಬರದಿರೋ ತಾವು ಮನೆ ಮಾಡಾಕಿಲ್ಲ.
ಓದಿದೋರು ನೀವು,
ನೀರು ಬರೋ ತಾವೇ ಮಾಡ್ತೀರ."

ಇನಾಯತ್ ಮಾತಾಡಲಿಲ್ಲ.
ಇಪ್ಪತ್ತೊಂದನೇ ಸೈಟಿಗೆ
ಹೆಂಡತಿಯ ಬಳೆ ಅಡವಿಟ್ಟು ಅವನು ಮುಂಗಡ ಕೊಟ್ಟದ್ದು
ನನಗೆ ಗೊತ್ತಿತ್ತು.
ಬಿಲದ ಬಾಯಿಗೆ ಕೊಕ್ಕೆ ಸಿಕ್ಕಿಸಿದ,
ಹಿಂದೆ ತಿರುಗದೆ ನಡೆದ.
ಹದಿನೆಂಟು ದಾಟಿತು ಟೇಪು, ಹತ್ತೊಂಬತ್ತು,
ಇಪ್ಪತ್ತೊಂದರ ಆಚೆಯ ಕಲ್ಲಿಗೆ ಹೋಗಿ ನಿಂತಿತು.
ಎಷ್ಟು ಅಂತ ಬರೆದುಕೊಳ್ಳಲಿ, ಅಂದೆ.
ಇದ್ದಷ್ಟು, ಅಂದ.
ಕೊಕ್ಕೆ ಬಿಡಿಸಿದ್ದೇ ತಡ, ಟೇಪು ಸರ್ರನೆ
ಹುಲ್ಲಿನಲ್ಲಿ ಹಾವಿನ ಹಾಗೆ ಓಡಿ ಡಬ್ಬಿಗೆ ಸೇರಿತು.

ಸಂಜೆ ಚುಕ್ಕಿಗಳನ್ನು ಅಳಿಸಿ ತುಂಬಿದೆ:
ದಂಡೆ ಎಂದರೆ, ಏಡಿಯು ಬಿಲ ತೋಡಿರುವ
ಎಲ್ಲಕ್ಕಿಂತ ಮೇಲಿನ ಸಾಲು.
ಸಾಹೇಬರು ಎರಡು ಸಲ ಓದಿದರು.
ಏಡಿಗೆ ಕಾನೂನಿನಲ್ಲಿ ಬೇರೆ ಪದ ಇಲ್ಲವೇ, ಅಂದರು.
ಹೊಡೆದು ಹಾಕಲಿಲ್ಲ. ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ
ಒಂದು ಪ್ರಶ್ನೆಚಿಹ್ನೆ, ಅದೂ ಏಡಿಯ ಕೊಂಡಿಯಂತೆ ಬಾಗಿದ್ದು.

ಫೈಲು ಮಂಡ್ಯಕ್ಕೆ ಹೋಗಿ ಮಳೆಗಾಲ ಒಂದಾಯಿತು.
ಬೆಲ್ಲ ಮುಟ್ಟಿದ ಬೆರಳಲ್ಲೇ ಬಡಿದಿದ್ದೆನೇನೋ,
ಕೀಲಿಮಣೆಯ ದಕಾರ ಅಂದಿನಿಂದ ಅಂಟುತ್ತದೆ.
ಯಾರದೋ ಜಮೀನಿನ ಪತ್ರ ಹೊಡೆಯುವಾಗ
ದಕ್ಷಿಣಕ್ಕೆ ಹೊಳೆ ಎಂದು ಬರೆಯಹೋದರೆ
ದ ಒತ್ತಿದ್ದು ಬಿಡುವುದೇ ಇಲ್ಲ,
ಸಾಲು ತುಂಬಿ, ಅಂಚು ದಾಟಿ,
ಮುಂದಿನ ಸಾಲಿಗೂ ಹರಿಯುತ್ತದೆ.