ಪಾವಣೆ ಮೂರು

ಗಂಜಿನ್ಯಾಗ ಒಂಬತ್ತಕ್ಕ ತಕ್ಕಡಿ ಶುರು.
ಚೀಲ ಏರ್ತದ, ಮುಳ್ಳು ನಡುಗ್ತದ, ನಿಂದರ್ತದ,
ಹಮಾಲ ಭೀಮಶ್ಯಾ ಕೂಗ್ತಾನ:
ಸವ್ವಾ ಎರಡು! ಅಡೀಚ! ಪಾವಣೆ ಮೂರು!
ಮುನೀಮ ಬರಿಯೂದ್ರಾಗ
ಮುಂದಿನ ಚೀಲ ಇಳದು ಹೋಗಿರ್ತದ.

ಆ ಕೂಗು ಕೇಳಿ ತಾನ ಕೂಡಿಸೂವಂಥ ಆ್ಯಪ್
ಮಾಡಿದೆವು ನಾವಿಬ್ರು, ನಾನು, ತಹಸೀನ.
ಮಿಲ್ಲಿನ ಹಿಂದ, ಝೆರಾಕ್ಸ್ ಅಂಗಡಿ ಮ್ಯಾಲ
ತಗಡಿನ ಖೋಲಿ. ಮೇ ತಿಂಗಳದಾಗ
ಪರಾತಿಗಿ ನೀರು ಹಾಕಿ, ಅದರ ಮ್ಯಾಲ ಜಾಳಗಿ,
ಜಾಳಗಿ ಮ್ಯಾಲ ಲ್ಯಾಪ್‌ಟಾಪು.
ಹನ್ನೊಂದು ತಿಂಗಳು ತೊಗರಿ ಧೂಳಿನ್ಯಾಗ
ಫೋನ್ ಹಿಡಕೊಂಡು ನಿಂತೆವು.
ಒಬ್ಬನ ಬಾಯಾಗ ತಂಬಾಕು, ಒಬ್ಬಗ ಮುಂದಿನ ಹಲ್ಲಿಲ್ಲ,
ಒಬ್ಬಾವ ಲೆಕ್ಕ ಉರ್ದುದಾಗ ಶುರು ಮಾಡಿ
ಕನ್ನಡದಾಗ ಮುಗಸ್ತಿದ್ದ.
ಎಲ್ಲಾರ ಪಾವಣೆನೂ ಅದಕ್ಕ ತಿಳೀತು.

ಫೋನ್ ಕಂಪನೀದು. ಆ್ಯಪ್ ಮಾರೂ ಅಂಗಡಿನೂ ಕಂಪನೀದೇ.
ನೂರು ಬಂದ್ರ ಮೂವತ್ತು ಅವರದು.
ಇರಲಿ ಅಂದೆವು, ಜಾಗಾ ಅವರದದ ಅಲ್ಲ.
ಒಂದಿನ ಪತ್ರ ಬಂತು, ಛಲೋ ಪುಸ್ತಕದ ಕನ್ನಡ:
‘ನಿಮ್ಮ ಶ್ರಮವನ್ನು ನಾವು ಗೌರವಿಸುತ್ತೇವೆ.’
ಆಮ್ಯಾಲ ವಿಡಿಯೋದಾಗ ಮೂರು ಮಂದಿ ಕುಂತು ಕೇಳಿದ್ರು,
ಎಷ್ಟು ಜನ ಬಳಸ್ತಾರ, ಯಾವ ಹೊತ್ತಿನ್ಯಾಗ,
ಯಾವ ಮಾತು ತಪ್ಪತದ.
ಹೆಣ್ಣು ನೋಡ್ಲಿಕ್ಕಿ ಬಂದ ಬೀಗರ ಮುಂದ ಹೇಳಿದಂಗ
ಎಲ್ಲಾ ಹೇಳಿಬಿಟ್ಟೆವು,
ಕೇಳದಿದ್ದದ್ದೂ.

ದೀಪಾವಳಿ ಪಾಡ್ಯಕ್ಕ ಎಲ್ಲಾ ಫೋನಿಗೂ ಅಪ್‌ಡೇಟ್ ಬಂತು.
ಹೊಸ ಸೌಲಭ್ಯ, ಪುಕ್ಕಟೆ.
ಅದರ ಚಿತ್ರಾನೂ ತಕ್ಕಡಿನೇ.
ನಮ್ಮದು ಒಂದು ಕಡಿ ಬಾಗಿತ್ತು,
ಅವರದು ಸಮ ಇತ್ತು.

ಮೊದಲನೇ ದಿನ ಗಂಜೆಲ್ಲಾ ನಗೀತು.
ಭೀಮಶ್ಯಾ ‘ಪಾವಣೆ ಮೂರು’ ಅಂದ್ರ
ಅದು ‘ಪಾವನ ಊರು’ ಅಂತ ಬರೀತು.
ತಹಸೀನಗ ನಕ್ಕು ನಕ್ಕು ಬಿಕ್ಕು ಹತ್ತಿದವು.
ಆ ನಗಿ ಮ್ಯಾಲೇ ಆರು ವಾರ ಬದುಕಿದೆವು.
ಎಳ್ಳಮಾಸಿ ಬರೂದ್ರಾಗ ಅದು ಕಲ್ತಿತ್ತು.

ಯಾರು ಕಲಿಸಿದ್ರು?
ತಪ್ಪಿದಾಗೊಮ್ಮೆ ಬೈದು, ತಿದ್ದಿ, ಮತ್ತ ಹೇಳಿ,
ಅದೇ ಭೀಮಶ್ಯಾ, ಅದೇ ತಂಬಾಕಿನ ಬಾಯಿ.
ಸಿಟ್ಟು ಬಂತು ಖರೇ. ಯಾರ ಮ್ಯಾಲ ಬರಬೇಕು ತಿಳೀಲಿಲ್ಲ.
ಆ ಮಾತು ನಮ್ಮದಂತೂ ಆಗಿದ್ದಿಲ್ಲ.
ನಾವು ಅವಂಗ ಕೊಟ್ಟಿದ್ದು
ಹನ್ನೊಂದು ತಿಂಗಳಿಗಿ ಚಹಾ, ಸುಸಲಾ,
ಮತ್ತ ಒಂದು ಹಬ್ಬಕ್ಕ ಅಂಗಿ.

ಹೊಸ ವರ್ಷದ ಫೀ ಕಟ್ಟಿದ ಮರುದಿನ ಇನ್ನೊಂದು ಪತ್ರ:
‘ನಿಮ್ಮ ಆ್ಯಪ್, ಫೋನಿನಲ್ಲಿ ಈಗಾಗಲೇ ಇರುವ
ಸೌಲಭ್ಯವನ್ನು ಹೋಲುತ್ತದೆ. ದಯವಿಟ್ಟು ಭಿನ್ನವಾಗಿಸಿ.’
ತಹಸೀನ ಎರಡು ಸಲ ಓದಿದಳು.
ಕನ್ನಡಕ ತೆಗದು ಒರಸಿ ಮೂರನೇ ಸಲ.

ಗಂಜಿಗಿ ಹೋದ್ರ ಭೀಮಶ್ಯಾನೇ ಚಹಾ ಹೇಳಿದ.
‘ಬಾಯಾರ, ನಿಮ್ಮದು ತೆಗದೀನ್ರಿ. ಜಾಗಾ ಸಾಲಲಿಲ್ಲ,
ಮೊಮ್ಮಗಳ ವಿಡಿಯೋ ಭಾಳ ಆಗ್ಯಾವ.’
ಅವನ ದನ್ಯಾಗ ಅಂಜಿಕಿ ಇದ್ದಿಲ್ಲ,
ಇರಬೇಕಾಗಿದ್ದೂ ಇಲ್ಲ.
ಬಸಿ ಕೆಳಗಿಟ್ಟು ಕೇಳಿದ:
‘ಒಂದು ಹೇಳ್ರಿ. ಇಷ್ಟು ದಿನಾ ನಾ ಕೂಗಿದ್ದು ಎಲ್ಲಾ ಕೂಡಿಸಿದ್ರ
ನನ್ನ ಬೆನ್ನ ಮ್ಯಾಲ ಹೋಗಿದ್ದು ಒಟ್ಟ ಎಷ್ಟು?’

ನಮ್ಮದು ದಿನಾ ಸಂಜಿಗಿ ಅಳಸ್ತಿತ್ತು,
ಮುನೀಮನ ಬೇರೀಜು ಮುಗದ ಕೂಡ್ಲೆ.
ಅವರದು ಒಂದೂ ಅಳಸಂಗಿಲ್ಲ,
ಕೇಳಿದ್ರ ಹೇಳಂಗೂ ಇಲ್ಲ.

ತಹಸೀನ ಚೀಲದಾಗಿನ ಪೆನ್ನು ಹುಡುಕಿ
ಚಹಾದಂಗಡಿ ಪೇಪರಿನ ಅಂಚು ಹರಕೊಂಡಳು.
‘ಎಷ್ಟನೇ ವಯಸ್ಸಿಗಿ ಹತ್ತೀರಿ, ಕಾಕಾ, ಕೆಲಸಕ್ಕ?’
‘ಹದಿನಾಲ್ಕು ಇರಬೇಕ್ರಿ,’ ಅಂದ. ಸ್ವಲ್ಪ ನಿಂತು,
‘ಇಲ್ಲ, ಪಾವಣೆ ಹದಿನೈದು.’