ಹಳೇ ಮಿತಿ

ಅರಸೀಕೆರೆ ಮಾರುಕಟ್ಟೆ ಯಾರ್ಡು, ಟೆಂಡರ್ ಕೋಣೆ,
ರಾತ್ರಿ ಒಂಬತ್ತೂಕಾಲು. ಬೆಳಗಾದರೆ ಕೊಬ್ಬರಿ ಟೆಂಡರು.
ಡಬ್ಬದ ಪಕ್ಕೆ ಬಿಚ್ಚಿ, ಹಳೇ ಎಂಟು ಜಿಬಿಯ ಪಟ್ಟಿ ಕಿತ್ತು
ಹದಿನಾರರ ಎರಡು ಕೂರಿಸಿದೆ.
ಟಕ್, ಟಕ್, ಕಚ್ಚಿಕೊಂಡವು ಕೊಕ್ಕೆ.
ಒಳಗೆ ಗೋಣಿಯ ನಾರು, ಒಣಗಿದ ಹಲ್ಲಿಮರಿ,
ಯಾವನೋ ದಲ್ಲಾಳಿಯ ಚೀಟಿಯ ಹಸಿರು ಚೂರು.

ಕರ್ನಲ್ ಎದ್ದಿತು, ಎಣಿಸಿತು: ಮೂವತ್ತೆರಡು.
ಎಣಿಸುವುದರಲ್ಲಿ ಅದು ತಪ್ಪುವುದಿಲ್ಲ.
ಇಪ್ಪತ್ತು ನಿನ್ನದು, ತಗೋ, ಎಂದು
ಡೇಟಾಬೇಸಿನ ಕಡತದಲ್ಲಿ ಬರೆದು ಎಬ್ಬಿಸಿದೆ.
ಮೇಲೇಳಲಿಲ್ಲ.
ಜಾಗ ಇಲ್ಲವಂತೆ.

ಇಲ್ಲದೆ ಏನು? ಈಗ ತಾನೆ ತುಂಬಿದ್ದೇನೆ, ಬಿಲ್ಲು ಜೇಬಲ್ಲಿದೆ.
ಆಮೇಲೆ ಹೊಳೆಯಿತು:
ಎಷ್ಟಿದೆ ಎಂದು ಕೇಳಿದ್ದೆ,
ಎಷ್ಟು ಬಿಡುತ್ತೀಯ ಎಂದು ಕೇಳಿರಲಿಲ್ಲ.
ಕೇಳಿದೆ. ಪರದೆಯ ಮೇಲೊಂದು ಸಂಖ್ಯೆ.

ಹೆಗಲ ಮೇಲಿಂದ ಬಗ್ಗಿ ಸರ್ವಮಂಗಳಮ್ಮ ಓದಿದರು,
ಹಿಂದಿನಿಂದ ಮೂರು, ಎರಡು, ಎರಡು ಅಂಕಿ ಬೆರಳಲ್ಲಿ ಬಿಡಿಸಿ:
ಮೂರು ಕೋಟಿ ಮೂವತ್ತೈದು ಲಕ್ಷದ
ಐವತ್ತನಾಲ್ಕು ಸಾವಿರದ ನಾನೂರ ಮೂವತ್ತೆರಡು.
“ಯಾವ ಮಂಡಿಯವನ ಬಾಕಿ ಮುಜೀಬೂ, ಇಷ್ಟೊಂದು?”
ಬಾಕಿಯಲ್ಲ ಅಮ್ಮ, ಬೈಟು.
ಕೋಟಿ ಅಂತ ಕಂಡರೂ ಮೂವತ್ತೆರಡೇ ಎಂಬಿ,
ನಿಮ್ಮ ಮೊಮ್ಮಗಳ ಹುಟ್ಟುಹಬ್ಬದ ಫೋಟೊ ಹತ್ತು ಹಿಡಿದರೆ ಹೆಚ್ಚು.

ಹಂಚಿಕೊಂಡು ಉಣ್ಣುವ ನೆನಪಿಗೆ ಕರ್ನಲ್ ಕಟ್ಟಿದ ಬೇಲಿ ಅದು.
ಡಬ್ಬ ಬಂದ ದಿನದಿಂದ ಯಾರೂ ಮುಟ್ಟಿಲ್ಲ.
ಅಂದರೆ, ಎಂಟಿದ್ದಾಗಲೂ
ಅದು ಕೂತದ್ದು ಬೊಗಸೆಯಗಲದ ಮೂಲೆಯಲ್ಲಿ.
ನಿಧಾನ, ನಿಧಾನ ಎಂದು ಹನ್ನೊಂದು ವರ್ಷ ಬೈದದ್ದು ಯಾರಿಗೆ?
ಒಂದು ಮುಚ್ಚದೆ ಇನ್ನೊಂದು ತೆಗೆಯಬಾರದು ಎಂದು
ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿದ್ದಾರೆ ಸರ್ವಮಂಗಳಮ್ಮ,
ಅಂಟು ಹಳದಿಯಾಗಿದೆ, ಅಕ್ಷರ ದುಂಡಗೆ ಹಾಗೇ ಇದೆ.

ಬೇಲಿ ಸರಿಸಿದೆ. ಪಕ್ಕದಲ್ಲೇ ಸ್ವಾಪಿನ ಚಪಲ, ಅರವತ್ತು:
ಕೋಣೆಯಲ್ಲಿ ಜಾಗವಿದ್ದಾಗಲೂ, ಚೂರು ಬಿಸಿಯಾರಿದ್ದನ್ನೆಲ್ಲ
ಡಿಸ್ಕಿನ ಅಟ್ಟಕ್ಕೆ ಹೊತ್ತು ಹಾಕುವ ಬುದ್ಧಿ.
ಹತ್ತಕ್ಕಿಳಿಸಿದೆ.

ಆಮೇಲೆ ನನ್ನ ದುರಾಸೆ.
ನಾಲ್ಕು ಕೆಬಿಯ ಚಿಲ್ಲರೆ ಪುಟ ಯಾಕೆ,
ಎರಡೆರಡು ಎಂಬಿಯ ದೊಡ್ಡ ಪುಟ ಕಾದಿರಿಸೋಣ ಎಂದು
ಹದಿನೈದು ಸಾವಿರ ಬರೆದೆ, ಲೆಕ್ಕ ಹಾಕದೆ.
ಹಾಗೆ ತೆಗೆದಿಟ್ಟದ್ದು ಬೇರೆ ಯಾರಿಗೂ ದಕ್ಕದು.
ಹತ್ತಿರಹತ್ತಿರ ಮೂವತ್ತು ಜಿಬಿ ಬೀಗದೊಳಗೆ,
ಉಳಿದ ಎರಡು ಚಿಲ್ಲರೆಯಲ್ಲಿ ಮಿಕ್ಕ ಸಂಸಾರವೆಲ್ಲ.
ನಾನೊಂದು ಅಕ್ಷರ ಒತ್ತಿದರೆ
ಜಂಕ್ಷನ್ನಿನಲ್ಲಿ ಗೂಡ್ಸು ಪೂರ್ತಿ ದಾಟಿದ ಮೇಲೆ
ಪರದೆಗೆ ಬರುತ್ತಿತ್ತು.

ಅಳಿಸಿದೆ. ಹತ್ತು ಸಾವಿರದ ಐನೂರು.
ಮತ್ತೆ ಎಬ್ಬಿಸಿದೆ. ಎದ್ದಿತು.
ಫ್ಯಾನಿನ ಸದ್ದೂ ಇಳಿದಂತೆ ಅನಿಸಿತು, ಬರೀ ಅನಿಸಿಕೆ ಇರಬಹುದು.
ಕಡತದ ಕೊನೆಗೆ ಹ್ಯಾಶ್ ಗುರುತಿಟ್ಟು ಬರೆದೆ:
ಪಟ್ಟಿ ಬದಲಿಸುವವರು ಇದನ್ನೂ ಬದಲಿಸಿ, ತಾನಾಗಿ ಆಗದು.
ಹ್ಯಾಶಿನ ಸಾಲನ್ನು ಕರ್ನಲ್ ಓದುವುದಿಲ್ಲ.
ಓದುವವನು ಬಂದಾನೋ,
ಅದಕ್ಕೂ ಮೊದಲು ಡಬ್ಬವೇ ಗುಜರಿಗೆ ಹೋದೀತೋ.

ಬಾಗಿಲಿಗೆ ಬೀಗ ಹಾಕಲು ಕಾದಿದ್ದ ತೂಕದ ಬೋರಲಿಂಗ
ಹಳೇ ಪಟ್ಟಿಯನ್ನು ಅಂಗೈಯಲ್ಲಿ ಎತ್ತಿ ಇಳಿಸಿದ:
“ತೂಕವೇ ಇಲ್ವಲ್ಲ, ಏನಿತ್ತು ಇದರೊಳಗೆ?”
ಕರೆಂಟು ಹೋದ ಮೇಲೆ ಏನೂ ಇಲ್ಲ, ಅಂದೆ.

ಬೆಳಿಗ್ಗೆ ಲಾಟು ಶುರುವಾದವು.
ಎಲ್ಲ ಒಟ್ಟಿಗೇ ತೆಗೀರಿ ಅಮ್ಮ, ಈಗ ತಡೆಯುತ್ತೆ.
ಒಂದು ತೆಗೆದರು. ಎರಡು. ಮೂರನೆಯದೂ
ತಟ್ಟನೆ ತೆರೆದುಕೊಂಡಿತು.
“ಅಯ್ಯೋ” ಅಂದರು, ಏನೋ ಒಡೆದುಹೋದ ಹಾಗೆ,
ಅಷ್ಟರಲ್ಲಿ ಅವರ ಬಲಗೈ,
ಹನ್ನೊಂದು ವರ್ಷದ ಬಲಗೈ,
ಮೊದಲನೆಯದನ್ನು ಮುಚ್ಚಲು
ಮೂಲೆಯ ಗುಣಾಕಾರ ಚಿಹ್ನೆಯತ್ತ ಹೊರಟಿತ್ತು.